ಕಲ್ಲು ಕರಗಿದ ಲೆಕ್ಕ

ಮುಂಬಯಿಯ ಬೈಕುಲ್ಲಾದ ರಾಣಿಬಾಗಿಗೆ ಹೋದವರು ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಪಕ್ಕದಲ್ಲಿರುವ ಕಲ್ಲಾನೆಯನ್ನು ನೋಡಿರುತ್ತಾರೆ. ಘಾರಾಪುರಿ ದ್ವೀಪವನ್ನು ಪೋರ್ಚುಗೀಸರು ಎಲಿಫೆಂಟಾ ಎಂದು ಕರೆದದ್ದು ಆಗ ಅಲ್ಲಿದ್ದ ಇದನ್ನು ಕಂಡೇ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೊರಟಾಗ ಬಿದ್ದು ಒಡೆಯಿತು. ಚೂರುಗಳನ್ನು ಇಲ್ಲಿಗೆ ತಂದು, 1914ರಲ್ಲಿ ಜೋಡಿಸಿ ನಿಲ್ಲಿಸಿದರು.

ಆನೆಯ ಮೈ ದಖ್ಖನ್ನಿನ ಬಸಾಲ್ಟ್, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾದ ಕಲ್ಲು. ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಸಿಲಿಕಾ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಆಮ್ಲೀಯವಾಗುತ್ತದೆ, ಇಂಥ ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ಕರಗಿದ ಸಿಲಿಕಾದಲ್ಲಿ ಒಂದು ಪಾಲು ಜೇಡಿಮಣ್ಣಾಗುತ್ತದೆ, ಒಂದು ಪಾಲು ಹುಲ್ಲು, ಬಿದಿರು, ಭತ್ತದ ಒಡಲು ಸೇರುತ್ತದೆ, ಮಿಕ್ಕದ್ದು ಹೊಳೆ ಹಿಡಿದು ಕಡಲಿಗೆ. ಅಲ್ಲಿ ಡಯಾಟಮ್ ಎಂಬ ಏಕಕೋಶ ಪಾಚಿಗಳು ಅದರಿಂದಲೇ ಗಾಜಿನಂಥ ಕವಚ ಕಟ್ಟಿಕೊಳ್ಳುತ್ತವೆ. ಭೂಮಿಯ ಮೇಲಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಪಾಲು ಇವುಗಳದ್ದು.

ಹೊಳೆಯಲ್ಲಿ ಸಿಲಿಕಾ ಕಡಿಮೆಯಿದ್ದರೆ ಕಲ್ಲೇ ಕರಗಲಿಲ್ಲವೋ, ದಾರಿಯಲ್ಲಿ ಯಾರಾದರೂ ಹೀರಿದರೋ? ಪ್ರಮಾಣವನ್ನಷ್ಟೇ ಅಳೆದರೆ ಇದು ತಿಳಿಯದು. ನೆರವಿಗೆ ಬರುವುದು ಸ್ಥಿರ ಐಸೊಟೋಪ್‌ಗಳು. ಸಿಲಿಕಾದಲ್ಲಿರುವ ಸಿಲಿಕಾನ್ ಪರಮಾಣುಗಳಲ್ಲಿ 28, 29, 30 ಎಂಬ ಮೂರು ತೂಕದವಿವೆ. ನೂರರಲ್ಲಿ 92ಕ್ಕೂ ಹೆಚ್ಚು 28ರವು, 30ರವು ಮೂರೇ. ಜೇಡಿಯಾಗಲಿ ಡಯಾಟಮ್ ಆಗಲಿ ಹಗುರದ್ದನ್ನು ತುಸು ಹೆಚ್ಚಾಗಿ ಎಳೆದುಕೊಳ್ಳುತ್ತವೆ. ಭಾರದ್ದು ನೀರಿನಲ್ಲಿ ಉಳಿಯುತ್ತದೆ. ಮಾರ್ಕೆಟ್ಟಿನ ಬುಟ್ಟಿಯಲ್ಲಿ ಬಲಿತ ಬೆಂಡೆಯಷ್ಟೇ ಉಳಿದಿದ್ದರೆ ಆಗಲೇ ಎಷ್ಟು ಗಿರಾಕಿಗಳು ಆರಿಸಿಕೊಂಡು ಹೋದರೆಂದು ಊಹಿಸಬಹುದಲ್ಲ, ಹಾಗೆ. 30ಕ್ಕೂ 28ಕ್ಕೂ ಇರುವ ಅನುಪಾತವನ್ನು ಕ್ವಾರ್ಟ್ಸ್ ಮರಳಿನ ಮಾದರಿಯೊಂದಕ್ಕೆ ಹೋಲಿಸಿದರೆ ಅಗ್ನಿಶಿಲೆಯ ಅಂಕ ಸಾವಿರಕ್ಕೆ ಸುಮಾರು −0.3, ಜಗತ್ತಿನ ನದಿಗಳ ಸರಾಸರಿ +1ಕ್ಕೂ ಮೇಲೆ. ಈ ಅಂತರವೇ ದಾರಿಯಲ್ಲಿ ನಡೆದ ವ್ಯವಹಾರದ ರಸೀದಿ.

ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ. ಬಂಡೀಪುರದ ಮೂಲೆಹೊಳೆ ಕಾಡಿನ ಮಣ್ಣು, ನೀರಿನಲ್ಲಿ ಭಾರತ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಸಿಲಿಕಾನ್ ಐಸೊಟೋಪ್‌ಗಳನ್ನು ಅಳೆದರು. ಭತ್ತಕ್ಕೆ ಸಿಲಿಕಾ ಬರುವುದು ಮಣ್ಣಿನಿಂದಲೋ, ನೀರಿನಿಂದಲೋ, ಗೊಬ್ಬರದಿಂದಲೋ ಎಂದು ಗದ್ದೆಯೊಂದರಲ್ಲಿ ಪತ್ತೆ ಹಚ್ಚಲು ಹೊರಟ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಭತ್ತದ ಹೊಟ್ಟು ಸುಟ್ಟರೆ ಉಳಿಯುವ ಬೂದಿಯ ಬಹುಪಾಲು ಸಿಲಿಕಾ. ಹುಲ್ಲು, ಹೊಟ್ಟು ಊರಾಚೆ ಹೋದರೆ ಗದ್ದೆಯ ಸಿಲಿಕಾವೂ ಹೋಯಿತೆಂದೇ ಅರ್ಥ.

ಅಣೆಕಟ್ಟಿನ ನಿಂತ ನೀರಲ್ಲೂ ಡಯಾಟಮ್ ಬೆಳೆದು ತಳ ಸೇರುತ್ತದೆ; ಕಡಲಿಗೆ ಸಿಗುವ ಸಿಲಿಕಾ ಅಷ್ಟು ಕಡಿಮೆ. ಆಗ ಡಯಾಟಮ್ ಜಾಗಕ್ಕೆ ಬೇರೆ ಪಾಚಿಗಳು ಬರುತ್ತವೆ, ಮೀನಿನ ಮೇವೂ ಬದಲಾಗುತ್ತದೆ. ಕಡಲ ಮೀನಿನ ಲೆಕ್ಕ ಬರೆಯುವವರು ಘಟ್ಟದ ಕಲ್ಲು, ಬಯಲಿನ ಗದ್ದೆ, ನಡುವಿನ ಅಣೆಕಟ್ಟಿನ ಲೆಕ್ಕವನ್ನೂ ಇಡಲೇಬೇಕು.