ಪೆಟ್ಟಿಗೆಯ ಮನೆ, ಪೋಡಿನ ಮನೆ

ಸರಕು ಸಾಗಿಸುವ ಉಕ್ಕಿನ ಪೆಟ್ಟಿಗೆಗೆ ಬಾಗಿಲು, ಕಿಟಕಿಗಳನ್ನು ಕೊರೆದು ಅದನ್ನೇ ವಾಸದ ಮನೆಯಾಗಿಸಿಕೊಳ್ಳುವ ಪದ್ಧತಿಯೊಂದು ಈಚೆಗೆ ನಮ್ಮ ನಗರಗಳಿಗೂ ಬಂದಿದೆ. ಇದನ್ನು ‘ಕಂಟೇನರ್ ಮನೆ’ ಎನ್ನುತ್ತಾರೆ. ಈ ಪೆಟ್ಟಿಗೆಯ ಚರಿತ್ರೆ ಬಹಳ ಹಳೆಯದೇನಲ್ಲ. 1956ರ ಏಪ್ರಿಲ್ 26ರಂದು ಅಮೆರಿಕದ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ಹೊರಟಿತು. ಕಡಲ ವ್ಯಾಪಾರದ ರೀತಿಯೇ ಅಲ್ಲಿಂದ ಬದಲಾಯಿತು. ಇಂದು ಇದರ ಅಳತೆ ಜಗತ್ತಿಗೆಲ್ಲ ಬಹುಮಟ್ಟಿಗೆ ಒಂದೇ: ಉದ್ದ 20 ಅಥವಾ 40 ಅಡಿ, ಅಗಲ 8 ಅಡಿ, ಎತ್ತರ ಎಂಟೂವರೆ ಅಡಿ.

ಬೇಗ ಸಿದ್ಧವಾಗುತ್ತದೆ, ಬೇಕಾದಲ್ಲಿಗೆ ಒಯ್ಯಬಹುದು, ಬಳಸಿ ಬಿಟ್ಟ ವಸ್ತುವಿಗೆ ಮತ್ತೊಂದು ಬಾಳು ದೊರೆಯುತ್ತದೆ. ಇವು ಅದರ ಗುಣಗಳು. ಆದರೆ ಗೋಡೆಯ ತಗಡಿನ ದಪ್ಪ ಸುಮಾರು 2 ಮಿಲಿಮೀಟರ್ ಮಾತ್ರ. ಬಿಸಿಲಿಗೆ ಅದು ಬೇಗನೆ ಕಾಯುತ್ತದೆ. ಚಳಿಯಲ್ಲಿ ಒಳಮೈ ಬೆವರುತ್ತದೆ. ಕಾವು ತಡೆಯಲು ಒಳಪದರ ಹೊದಿಸಿದರೆ ಮೊದಲೇ ಕಿರಿದಾದ ಕೋಣೆ ಇನ್ನಷ್ಟು ಕಿರಿದಾಗುತ್ತದೆ. ಕಿಟಕಿಗಾಗಿ ಗೋಡೆ ಕೊಯ್ದಷ್ಟೂ ಬಲ ಕುಗ್ಗುವುದರಿಂದ ಅಲ್ಲಿ ಬೇರೆ ಉಕ್ಕನ್ನು ಬೆಸೆಯಬೇಕು. ಹಾಗಾಗಿ ಕೊಂಡಾಗ ಅಗ್ಗವೆನಿಸಿದ್ದು ಮುಗಿದಾಗ ಅಗ್ಗವಾಗಿ ಉಳಿದಿರುವುದಿಲ್ಲ.

ಇಂಥ ಮನೆ ಕೊಳ್ಳೇಗಾಲ, ಹನೂರು, ಯಳಂದೂರಿನ ಸೀಮೆಗೆ ಒಗ್ಗೀತೆ? ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ. ರೇಷ್ಮೆಯ ಹುಳುವನ್ನು ಕೇಳಿದರೆ ಸಾಕು. ರೇಷ್ಮೆಗೆ ಹೆಸರಾದ ಈ ನಾಡಿನಲ್ಲಿ ಹುಳು ಸಾಕುವ ಸಂಸಾರಗಳಿಗೆ ತಿಳಿದ ಸಂಗತಿ ಇದು: ಹುಳುವಿಗೆ ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಹವೆ ಬೇಕು, ಹದವಾದ ತೇವ ಬೇಕು, ಗಾಳಿಯಾಡಬೇಕು. ಕಾವು ಏರಿದರೆ ರೋಗ ಬಂದು ಬೆಳೆಯೇ ಕೈಬಿಡುತ್ತದೆ. ಮಣ್ಣಿನ ದಪ್ಪ ಗೋಡೆ, ಮೇಲೆ ನಾಡಹಂಚು ಇರುವ ಮನೆಯಲ್ಲಿ ಹಗಲಿನ ಕಾವು ಗೋಡೆ ದಾಟಿ ಒಳಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಬಿಸಿಗಾಳಿ ಹಂಚಿನ ಸಂದುಗಳಲ್ಲಿ ಹೊರಟುಹೋಗುತ್ತದೆ. ಮನುಷ್ಯ ಹೇಗೋ ಸಹಿಸಿಕೊಳ್ಳುತ್ತಾನೆ, ಹುಳು ಸಹಿಸುವುದಿಲ್ಲ. ಮನೆಯ ಗುಣವನ್ನು ಅಳೆಯುವುದಕ್ಕೆ ಅದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷಕನಿಲ್ಲ.

ಇನ್ನು ಬೆಟ್ಟಗಳ ಕಡೆ ನೋಡೋಣ. ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ಸೋಲಿಗರ ಪೋಡುಗಳಿವೆ. ಹೆಣೆದ ಬಿದಿರಿನ ಗೋಡೆ, ಅದರ ಮೇಲೆ ಮಣ್ಣಿನ ಮೆತ್ತುಗೆ, ಹುಲ್ಲಿನ ಹೊದಿಕೆ. ಇದು ಅವರ ಹಳೆಯ ಮನೆ. ನೆಲೆ ಬದಲಿಸಿದಾಗ ಬಿಟ್ಟ ಗುಡಿಸಲು ಮಣ್ಣಿಗೆ ಮಣ್ಣಾಗುತ್ತಿತ್ತು. 1974ರಲ್ಲಿ ಬಿಳಿಗಿರಿಯ ಕಾಡು ವನ್ಯಧಾಮವಾಯಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಹಲವು ಪೋಡುಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತಾದರೂ, ಅದಕ್ಕೆ ಮುಂಚಿನ ದಶಕಗಳಲ್ಲಿ ಬಿದಿರು, ಹುಲ್ಲು ಮೊದಲಿನಂತೆ ಕೈಗೆಟುಕುತ್ತಿರಲಿಲ್ಲ. ಇತ್ತ ಕಾಡಿನೊಳಗೆ ಲಂಟಾನದ ಪೊದೆ ಹಬ್ಬಿತು. ಮಹದೇಶ್ವರ ಬೆಟ್ಟದ ಸೋಲಿಗರು ಬೆಂಗಳೂರಿನ ಏಟ್ರೀ ಸಂಸ್ಥೆಯ ನೆರವಿನಿಂದ ಆ ಪೊದೆಯ ಕಡ್ಡಿಯಲ್ಲೇ ಕುರ್ಚಿ, ಮೇಜುಗಳನ್ನು ಹೆಣೆಯಲು ಕಲಿತರು. ಬೇಡದ ವಸ್ತುವನ್ನು ಬಾಳಿಗೆ ಒದಗಿಸಿಕೊಳ್ಳುವುದೇ ಕಂಟೇನರ್ ಮನೆಯ ತತ್ತ್ವವಾದರೆ, ಅದರ ಸ್ಥಳೀಯ ರೂಪ ಇದು.

ಆದರೆ ಹುಲ್ಲಿನ ಸೂರನ್ನು ದೂರದಿಂದ ಹೊಗಳುವುದು ಸುಲಭ. ಆಗಾಗ ಹೊದಿಕೆ ಬದಲಿಸುವ ದುಡಿಮೆ, ಗೆದ್ದಲು, ಬೆಂಕಿಯ ಭಯ ಅದರಲ್ಲಿ ಇರುವವನಿಗೇ ಗೊತ್ತು. ಅವನು ಗಟ್ಟಿ ಮನೆ ಬಯಸಿದರೆ ತಪ್ಪೇನಿಲ್ಲ. ಹಳೆಯದಕ್ಕೂ ಸಿಮೆಂಟಿಗೂ ನಡುವೆ ದಾರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣು, ಮರಳಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ನೀರುಣಿಸಿ ಗಟ್ಟಿಮಾಡುವ ಇಟ್ಟಿಗೆಯನ್ನು ಬಳಕೆಗೆ ತಂದಿತು. ಅದಕ್ಕೆ ಗೂಡು ಸುಡಬೇಕಿಲ್ಲ, ಸೌದೆ ಬೇಕಿಲ್ಲ. ಕೆಮ್ಮಣ್ಣು ಅದಕ್ಕೆ ಚೆನ್ನಾಗಿ ಒದಗುತ್ತದೆ.

ತೊಡಕಿರುವುದು ನಾವು ಮನೆಗಳಿಗೆ ಕೊಟ್ಟಿರುವ ಹೆಸರುಗಳಲ್ಲಿ. 2011ರ ಜನಗಣತಿಯ ವರ್ಗೀಕರಣದಂತೆ ಗೋಡೆಯೂ ಚಾವಣಿಯೂ ಲೋಹದ ತಗಡಾದರೆ ಆ ಮನೆ ‘ಶಾಶ್ವತ’. ಮಣ್ಣಿನ ಗೋಡೆ, ಹುಲ್ಲಿನ ಸೂರಾದರೆ ‘ತಾತ್ಕಾಲಿಕ’. ಒಳಗಿನ ತಂಪನ್ನು ಆ ಪಟ್ಟಿ ಕೇಳುವುದಿಲ್ಲ. ಉಳ್ಳವನು ತೋಟದಲ್ಲಿ ಮಣ್ಣಿನ ಮನೆ ಕಟ್ಟಿಸಿದರೆ ಅದು ಅಭಿರುಚಿ. ಬಡವನದಾದರೆ ಕಚ್ಚಾ ಮನೆ. ಈ ನಾಚಿಕೆಯ ದೆಸೆಯಿಂದಲೇ ಎಷ್ಟೋ ಮಂದಿ ತಂಪಾದ ಹಂಚಿನ ಮನೆಯನ್ನು ಕೆಡವಿ, ಬೇಸಗೆಯ ಮಧ್ಯಾಹ್ನ ಒಳಗೆ ಕೂರಲಾರದಂಥ ತಗಡಿನ ಕೆಳಗೆ ಸೇರಿದ್ದಾರೆ.

ಉಕ್ಕಿನ ಪೆಟ್ಟಿಗೆಯಾಗಲಿ, ಮಣ್ಣಿನ ಇಟ್ಟಿಗೆಯಾಗಲಿ, ಕಟ್ಟುವ ಮುನ್ನ ಕೇಳಬೇಕಾದುದು ಇಷ್ಟು: ವಸ್ತು ಎಲ್ಲಿಂದ ಬರುತ್ತದೆ? ಕೆಟ್ಟಾಗ ಊರಿನವರೇ ಸರಿಪಡಿಸಬಲ್ಲರೆ? ಏಪ್ರಿಲ್ ತಿಂಗಳಿನಲ್ಲಿ ಒಳಗೆ ಮಗು ನಿದ್ರಿಸೀತೆ? ಇವಕ್ಕೆ ಒಪ್ಪುವ ಉತ್ತರ ಕೊಡುವ ಮನೆ ಯಾವ ವಸ್ತುವಿನದಾದರೂ ಪಕ್ಕಾ ಮನೆಯೇ. ಸರ್ಕಾರದ ಪಟ್ಟಿಗಳೂ ನಮ್ಮ ಮಾತೂ ಅದನ್ನು ಹಾಗೆಂದೇ ಕರೆಯುವುದನ್ನು ಕಲಿಯಬೇಕಾಗಿದೆ.