ಕೋವಿಯ ಮರದಲ್ಲಿ ತಪ್ಪಿ ಬಿದ್ದ ತೂತು: ನಂಬಿಕೆ ಏನು, ಸತ್ಯ ಏನು?

ಬೆಂಗಳೂರಿನ ದಂಡು ಪ್ರದೇಶಕ್ಕೂ ಕೋವಿಗೂ ಹಳೆಯ ನಂಟು. 1809ರ ಹೊತ್ತಿಗೆ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿತು. ಹಲಸೂರು ಕೆರೆಯ ಬಳಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇಂದಿಗೂ ಇದೆ. ಇಂದಿರಾನಗರದ ಡಿಫೆನ್ಸ್ ಕಾಲೊನಿಯಲ್ಲಿ ನಿವೃತ್ತ ಸೇನಾಧಿಕಾರಿಗಳಿದ್ದಾರೆ. ವಸಂತನಗರದಲ್ಲಿ ಕೊಡವ ಸಮಾಜವಿದೆ. ಇಂಥ ಕುಟುಂಬಗಳಲ್ಲಿ ಅಜ್ಜನ ಕಾಲದ 12 ಬೋರ್ ಕೋವಿಯೋ .315 ರೈಫಲೋ ಪರವಾನಗಿಯೊಂದಿಗೆ ಉಳಿದುಬಂದಿರುವುದುಂಟು. ಸೆಪ್ಟೆಂಬರಿನಲ್ಲಿ ಬರುವ ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯನ್ನು ಒರೆಸಿ ಪೂಜೆಗಿಡುವಾಗ ಹೆಗಲಪಟ್ಟಿಯ ಕೊಂಡಿ ಸಡಿಲವಾಗಿರುವುದೋ, ಸ್ಕ್ರೂ ಓರೆಯಾಗಿ ಕೂತಿರುವುದೋ ಕಣ್ಣಿಗೆ ಬೀಳುತ್ತದೆ. ಅದನ್ನು ಸರಿಪಡಿಸುವ ಬಗ್ಗೆ ಇರುವ ತಪ್ಪು ತಿಳಿವಳಿಕೆಯಿಂದ ಮೂಲ ದೋಷಕ್ಕಿಂತ ಹೆಚ್ಚು ಹಾನಿಯಾಗುತ್ತದೆ.

ನಂಬಿಕೆ 1: ವಿಚಿತ್ರ ಜಾಗದಲ್ಲಿರುವ ಸ್ಕ್ರೂ ಯಾರೋ ತಪ್ಪಿ ಹಾಕಿದ್ದು, ಕಿತ್ತು ಮುಚ್ಚಬೇಕು.

ಸತ್ಯ: ಮೊದಲು ಅದು ತಪ್ಪೇ ಎಂದು ತಿಳಿಯಬೇಕು. ಪಶ್ಚಿಮ ಬಂಗಾಳದ ಇಶಾಪುರದ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ರೈಫಲ್‌ಗಳ ಮುಂಭಾಗದ ಮರದಲ್ಲಿ ಅಡ್ಡಲಾಗಿ ಹಾಕಿದ ಸ್ಕ್ರೂ ಕಾಣುತ್ತದೆ. ಮರ ಸೀಳದಂತೆ ತಡೆಯಲು ಬೇಕೆಂದೇ ಹಾಕಿದ್ದು ಅದು. ಅದೇ ರೈಫಲ್‌ನ ಹಳೆಯ ಮಾದರಿಗಳಲ್ಲಿ ಹೆಗಲಿಗೆ ಆನಿಸುವ ಬಟ್‌ನ ಬಲಬದಿಗೆ ದುಂಡನೆಯ ಗುಳಿಯೊಂದಿರುತ್ತದೆ. ಪಲ್ಟನ್ನಿನ ಗುರುತು ಕೊರೆದ ಹಿತ್ತಾಳೆ ಬಿಲ್ಲೆಯನ್ನು ಕೂರಿಸುತ್ತಿದ್ದ ಜಾಗವದು. ಮೊದಲ ಮಹಾಯುದ್ಧದ ನಡುವೆ ಈ ಬಿಲ್ಲೆಯನ್ನು ಕೈಬಿಟ್ಟರು. ಈ ರೈಫಲ್‌ಗಳ .303 ಬೋರ್ ಇಂದು ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಆದರೆ ಈ ಪಾಠ ಎಲ್ಲ ಕೋವಿಗಳಿಗೂ ಸಲ್ಲುತ್ತದೆ.

ನಂಬಿಕೆ 2: ಪುಟ್ಟಿ ತುಂಬಿ, ಅಥವಾ ಮರದ ಪುಡಿಗೆ ಅಂಟು ಬೆರೆಸಿ ಮೆತ್ತಿ, ಮತ್ತೆ ಸ್ಕ್ರೂ ತಿರುಗಿಸಿದರೆ ಸಾಕು.

ಸತ್ಯ: ಸ್ಕ್ರೂವಿನ ಹಿಡಿತವಿರುವುದು ಮರದ ನಾರಿನಲ್ಲಿ. ಪುಟ್ಟಿಯಲ್ಲಿ ನಾರಿಲ್ಲ. ಮೂರು-ನಾಲ್ಕು ಕಿಲೋ ತೂಕದ ರೈಫಲ್ ಹೆಗಲಿನಲ್ಲಿ ತೂಗಾಡುವಾಗ ಕೊಂಡಿ ಕಿತ್ತು ಬಂದರೆ ಕೋವಿ ನೆಲಕ್ಕೆ ಬೀಳುತ್ತದೆ. ಭಾರ ಬೀಳದ ಸಣ್ಣ ಗೀರು, ಚುಕ್ಕೆಗಳಿಗೆ ಮಾತ್ರ ಪುಟ್ಟಿ ಸರಿ.

ನಂಬಿಕೆ 3: ತೂತಿಗೆ ದುಂಡನೆಯ ಗೂಟ ಹೊಡೆದರೆ ಅದೇ ಗಟ್ಟಿ ದುರಸ್ತಿ.

ಸತ್ಯ: ಗೂಟದ ನಾರು ಅದರ ಉದ್ದಕ್ಕೆ ಓಡುತ್ತದೆ. ಹಾಗಾಗಿ ಅದರೊಳಗೆ ಇಳಿಯುವ ಸ್ಕ್ರೂ ನಾರಿಗೆ ಅಡ್ಡವಾಗುವುದಿಲ್ಲ, ನಾರಿನ ಸಂದಿಯಲ್ಲೇ ಸಾಗುತ್ತದೆ, ಹಿಡಿತ ಕಡಿಮೆ. ನೋಟವೂ ಕೆಡುತ್ತದೆ. ನಾರಿನ ತುದಿ ಬಣ್ಣವನ್ನೂ ಎಣ್ಣೆಯನ್ನೂ ಹೆಚ್ಚು ಹೀರುವುದರಿಂದ ಕಪ್ಪು ಚುಕ್ಕೆ ಉಳಿಯುತ್ತದೆ. ಬಲ್ಲವರು ಅದೇ ಜಾತಿಯ ಮರದಿಂದ, ಅಕ್ರೂಟಿಗೆ ಅಕ್ರೂಟ್, ಬೀಟೆಗೆ ಬೀಟೆ, ತುಂಡನ್ನು ಅಡ್ಡನಾರಿಗೆ ಕತ್ತರಿಸುತ್ತಾರೆ. ಕೋವಿಯ ಮರದ ನಾರು ಓಡುವ ದಿಕ್ಕಿಗೇ ತುಂಡಿನ ನಾರನ್ನೂ ಹೊಂದಿಸಿ ಎಪಾಕ್ಸಿ ಅಂಟಿನಿಂದ ಕೂರಿಸುತ್ತಾರೆ. ಆಗ ಸ್ಕ್ರೂವಿಗೆ ಹಿಡಿತವೂ ಸಿಗುತ್ತದೆ, ತೇಪೆಯೂ ಎದ್ದು ಕಾಣುವುದಿಲ್ಲ.

ನಂಬಿಕೆ 4: ತಪ್ಪು ತೂತನ್ನು ಹಾಗೇ ಬಿಟ್ಟು, ಕೂದಲೆಳೆಯಷ್ಟು ಪಕ್ಕಕ್ಕೆ ಹೊಸದು ಕೊರೆದರಾಯಿತು.

ಸತ್ಯ: ಬೈರಿಗೆಯ ಮೊನೆ ಹಳೆಯ ತೂತಿನತ್ತ ಜಾರುತ್ತದೆ. ಎರಡರ ನಡುವೆ ಉಳಿಯುವ ತೆಳ್ಳನೆಯ ಗೋಡೆ ಒಡೆದು, ಬಿರುಕು ನಾರಿನ ಗುಂಟ ಹಬ್ಬುತ್ತದೆ. ಮೊದಲು ತುಂಬಬೇಕು, ಅಂಟು ಪೂರ್ತಿ ಗಟ್ಟಿಯಾಗಬೇಕು, ಆಮೇಲೆ ನಡುಗೆರೆ ಎಳೆದು ಸ್ಕ್ರೂವಿನ ಒಡಲಿಗೆ ತಕ್ಕ ತೂತು ಕೊರೆಯಬೇಕು. ತೂತಿಲ್ಲದೆ ನೇರ ತಿರುಗಿಸಿದರೆ ಹಿಡಿತ ಹೆಚ್ಚು ಎಂಬುದೂ ಸುಳ್ಳು. ಗಟ್ಟಿ ಮರ ಸೀಳುತ್ತದೆ. ಸ್ಕ್ರೂವಿಗೆ ಸ್ವಲ್ಪ ಮೇಣ ಸವರಿದರೆ ಸಲೀಸಾಗಿ ಇಳಿಯುತ್ತದೆ.

ನಂಬಿಕೆ 5: ಎಣ್ಣೆ ಹೆಚ್ಚು ಕುಡಿಸಿದಷ್ಟೂ ಮರಕ್ಕೆ ಆಯಸ್ಸು.

ಸತ್ಯ: ಅಗಸೆ ಎಣ್ಣೆಯ ತೆಳು ಲೇಪ ಒಳ್ಳೆಯದು. ಮಳೆಗಾಲದ ತೇವವನ್ನು ಅದು ನಿಧಾನಗೊಳಿಸುತ್ತದೆ, ಪೂರ್ತಿ ತಡೆಯುವುದಿಲ್ಲ. ಉಕ್ಕಿಗೆ ಹಾಕುವ ಕೋವಿಯೆಣ್ಣೆಯ ಕತೆಯೇ ಬೇರೆ. ನಳಿಗೆ ಮೇಲಾಗಿ ನಿಲ್ಲಿಸಿದ ಕೋವಿಯಲ್ಲಿ ಆ ಎಣ್ಣೆ ವರ್ಷಗಟ್ಟಲೆ ಕೆಳಗಿಳಿದು ಮರವನ್ನು ಕಪ್ಪಾಗಿಸಿ ಮೆತ್ತಗಾಗಿಸುತ್ತದೆ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯದು. ದುರಸ್ತಿಗೆ ಮೊದಲು ಅಸಿಟೋನ್ ಮತ್ತು ಸೀಮೆಸುಣ್ಣದ ಪುಡಿಯಿಂದ ಎಣ್ಣೆಯನ್ನು ಹೀರಿ ತೆಗೆಯಬೇಕಾಗುತ್ತದೆ. ಇನ್ನೊಂದು ಎಚ್ಚರ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ನಂಬಿಕೆ 6: ಕೆಟ್ಟಿರುವುದು ಮರ ತಾನೇ? ಶಿವಾಜಿನಗರದ ಯಾವ ಬಡಗಿಗೆ ಕೊಟ್ಟರೂ ನಡೆಯುತ್ತದೆ.

ಸತ್ಯ: ನಡೆಯುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಸೇರಿವೆ. 5ನೇ ಸೆಕ್ಷನ್ ಪ್ರಕಾರ ಬಂದೂಕು ದುರಸ್ತಿಯ ವೃತ್ತಿಗೇ ಪರವಾನಗಿ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ, 2029ರವರೆಗೆ ಮುಂದುವರಿದಿರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಅದರಿಂದ ಬಡಗಿಗೆ ದುರಸ್ತಿಯ ಹಕ್ಕು ಬರುವುದಿಲ್ಲ. ಬಡಗಿಯ ಕೈಚಳಕದಲ್ಲಿ ಕೊರತೆಯಿದೆ ಎಂದಲ್ಲ. ಕೋವಿ ಕೈಗೆ ತೆಗೆದುಕೊಂಡರೆ ಆತನೂ ನೀವೂ ಕೇಸಿಗೆ ಸಿಲುಕುತ್ತೀರಿ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಸಡಿಲ ಕೊಂಡಿ ಕಂಡ ದಿನವೇ ಪುಟ್ಟಿ ಡಬ್ಬಿ ತೆರೆಯಬೇಡಿ. ಕೋವಿಯಲ್ಲಿ ತೋಟಾ ಇಲ್ಲವೆಂದು ಎರಡು ಬಾರಿ ನೋಡಿ, ಪಟ್ಟಿ ಬಿಚ್ಚಿಡಿ. ಪರವಾನಗಿ ಅಥವಾ ವಿನಾಯಿತಿ ಪತ್ರದೊಂದಿಗೆ ಪರವಾನಗಿ ಪಡೆದ ದುರಸ್ತಿಗಾರರ ಬಳಿಗೆ ಹೋಗಿ, ಅದೇ ಮರದ ತುಂಡನ್ನು ನಾರು ಹೊಂದಿಸಿ ಹಾಕಿಕೊಡಿ ಎಂದು ಕೇಳಿ. ಸರಿಯಾಗಿ ಕೂತ ತೇಪೆಯಿಂದ ಹಿರಿಯರ ಕೋವಿಯ ಮರ್ಯಾದೆ ಕಡಿಮೆಯಾಗುವುದಿಲ್ಲ.