ಕಡಲ ನಡುವಣ ಕಟ್ಟು

ನಾನು ಹುಡುಗನಾಗಿದ್ದಾಗ ನಮ್ಮ ತಂದೆಯವರು ರೇಡಿಯೋದ ಏರಿಯಲ್ ತಂತಿಯನ್ನು ಮನೆಯ ಮಾಡಿನಿಂದ ಹಿತ್ತಲ ತೆಂಗಿನ ಮರಕ್ಕೆ ಕಟ್ಟಿದ್ದರು. ತಂತಿ ಜೋಲುಬಿದ್ದಿರುವುದು ಚೆನ್ನಲ್ಲವೆಂದು ನಾನೊಂದು ದಿನ ಅದನ್ನು ಬಿಗಿಯಾಗಿ ಎಳೆದು ಕಟ್ಟಿದೆನು. ಆ ರಾತ್ರಿಯೇ ಗಾಳಿಗೆ ಮರ ತೂಗಿ ತಂತಿ ತುಂಡಾಯಿತು. "ಜೋಲು ಇದ್ದರೆ ತಾನೇ ಅದು ಬಾಳುವುದು" ಎಂದರು ತಂದೆಯವರು.

ಸಾಗರದ ಎಂಜಿನಿಯರರೂ ಇದೇ ಮಾತನ್ನು ನಂಬಿದ್ದಾರೆ. ನೀರು ಬಹಳ ಆಳವಾದೆಡೆ ಕಡಲ ತಳಕ್ಕೆ ಕಂಬ ನೆಡುವುದು ಕಷ್ಟ. ಅಲ್ಲಿ ತೈಲ ತೆಗೆಯುವ ಹಡಗುಗಳನ್ನೂ ವೇದಿಕೆಗಳನ್ನೂ ತೇಲಿಬಿಟ್ಟು, ಸರಪಳಿಗಳಿಂದ ತಳದ ಲಂಗರುಗಳಿಗೆ ಕಟ್ಟುತ್ತಾರೆ. ಸ್ಕಾಟ್ಲೆಂಡಿನ ಕರಾವಳಿಯಾಚೆ 2017ರಲ್ಲಿ ನಿಂತ ಐದು ತೇಲುವ ಗಾಳಿಯಂತ್ರಗಳಿಗೂ ತಲಾ ಮೂರು ಕಟ್ಟುಗಳಿವೆ. ಭಾರವಾದ ಸರಪಳಿ ನೀರಿನಲ್ಲಿ ಬಾಗಿ ಇಳಿದು, ಕೊನೆಯ ಭಾಗದಲ್ಲಿ ತಳದ ಮೇಲೆ ಮಲಗಿರುತ್ತದೆ. ಅಲೆ ಹಡಗನ್ನು ನೂಕಿದಾಗ ಮಲಗಿದ್ದ ಕೊಂಡಿಗಳು ಮೇಲೇಳುತ್ತವೆ. ಅವುಗಳ ತೂಕವೇ ಹಡಗನ್ನು ಹಿಂದಕ್ಕೆ ಸೆಳೆಯುತ್ತದೆ. ಈ ಬಾಗಿಗೆ ಕೆಟೆನರಿ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಕಟೇನ ಎಂದರೆ ಸರಪಳಿ. ಅದರ ಗಣಿತವನ್ನು 1691ರಲ್ಲಿ ಲೈಬ್ನಿಟ್ಸ್, ಹೈಗನ್ಸ್, ಯೋಹಾನ್ ಬರ್ನೂಲಿ ಎಂಬ ಮೂವರು ಬಿಡಿಸಿದರು.

ಆದರೆ ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ, ಕೊಂಡಿಗಳು ಉಜ್ಜಿ ಸವೆಯುತ್ತವೆ, ಹಗಲಿರುಳೂ ಎಳೆದು ಬಿಡುವ ಅಲೆಗಳಿಂದ ಲೋಹ ದಣಿಯುತ್ತದೆ. ಶಾಂತ ಕಡಲಿನಲ್ಲಿ ಒಂದು ಸರಪಳಿ ತುಂಡಾದರೂ ಉಳಿದವು ಭಾರ ಹೊರುವುದರಿಂದ ಅದು ಯಾರ ಕಣ್ಣಿಗೂ ಬೀಳದಿರಬಹುದು. ಆದುದರಿಂದಲೇ ನಿತ್ಯದ ಕಾವಲು ಬೇಕು. ಸರಪಳಿ ಹಡಗನ್ನು ಸೇರುವೆಡೆ ಎಳೆತವನ್ನು ಅಳೆಯುವ ಸಾಧನವನ್ನಿಡುತ್ತಾರೆ. ಇಲ್ಲವೆ ಸರಪಳಿಯ ಓರೆಯನ್ನು ಅಳೆದು, ಮೇಲೆ ಹೇಳಿದ ಗಣಿತದಿಂದ ಎಳೆತವನ್ನು ಲೆಕ್ಕಹಾಕುತ್ತಾರೆ. ಹಡಗು ತನ್ನ ನೆಲೆಯಿಂದ ಎಷ್ಟು ಸರಿಯಿತೆಂಬುದನ್ನು ಉಪಗ್ರಹಗಳ ಸಂಕೇತ ತಿಳಿಸುತ್ತದೆ. ಕ್ಯಾಮೆರಾ ಹೊತ್ತ ಆಳಿಲ್ಲದ ಯಂತ್ರಗಳು ನೀರಿಗಿಳಿದು ಕೊಂಡಿಗಳನ್ನು ಪರೀಕ್ಷಿಸುತ್ತವೆ.

ತಿಳಿದ ಮೇಲೆ ಮಾಡುವುದೇನು? ತೈಲಬಾವಿ ಕೊರೆಯುವ ವೇದಿಕೆಗಳಲ್ಲಿ ಸರಪಳಿಯನ್ನು ಸುತ್ತುವ, ಬಿಡುವ ಯಂತ್ರಗಳಿರುತ್ತವೆ. ಬಿರುಗಾಳಿಯಲ್ಲಿ ಗಾಳಿಗೆ ಹಿಂಬದಿಯಾದ ಸರಪಳಿಗಳನ್ನು ಸಡಿಲಬಿಟ್ಟರೆ ಎದುರುಬದಿಯವುಗಳ ಮೇಲಿನ ಎಳೆತ ತಗ್ಗುತ್ತದೆ. ಕೆಲವು ಹಡಗುಗಳು ನೀರನ್ನು ತಳ್ಳುವ ಯಂತ್ರಗಳಿಂದ ತಮ್ಮ ಮೂತಿಯನ್ನು ಅಲೆಗೆ ಎದುರಾಗಿ ಹಿಡಿದುಕೊಳ್ಳುತ್ತವೆ.

ಈ ಕಟ್ಟು ಕೈಕೊಟ್ಟರೆ ಏನಾಗುವುದೆಂಬುದಕ್ಕೆ ಒಂದು ನಿದರ್ಶನ ನೋಡಿರಿ. 2011ರ ಫೆಬ್ರವರಿ 4ರಂದು ಉತ್ತರ ಸಮುದ್ರದ ಬಿರುಗಾಳಿಯಲ್ಲಿ ಗ್ರಿಫನ್ ಆಲ್ಫಾ ಎಂಬ ತೈಲದ ಹಡಗಿನ ಒಂದು ಸರಪಳಿ ತುಂಡಾಯಿತು. ಹಡಗು ದಿಕ್ಕು ತಪ್ಪಿ ಅಲೆಗಳಿಗೆ ಪಕ್ಕೆಯೊಡ್ಡಿತು. ಭಾರ ಹೆಚ್ಚಿ ಮತ್ತೆ ಮೂರು ಹರಿದವು. ಹತ್ತರಲ್ಲಿ ನಾಲ್ಕು ಹೋದುವು. ಹಡಗು ನೆಲೆತಪ್ಪಿ, ಕಡಲ ತಳದ ತೈಲ ಸಲಕರಣೆಗೆ ಹಾನಿಯಾಯಿತು. ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಆದರೆ ಮತ್ತೆ ತೈಲ ಹರಿಯಲು 2013ರವರೆಗೆ ಕಾಯಬೇಕಾಯಿತು.

ಮೊದಲನೆಯದು ಹರಿದಾಗ ಭಾರವೆಲ್ಲ ನೆರೆಯದರ ಮೇಲೆ ಬೀಳುತ್ತದೆ. ಆದುದರಿಂದ ಎಲ್ಲ ಸರಪಳಿಗಳೂ ಗಟ್ಟಿಯಾಗಿವೆಯೆಂದು ನಂಬಿ ಕೂರುವಂತಿಲ್ಲ. ನಮ್ಮ ಏರಿಯಲ್ ಹರಿದಾಗ ರೇಡಿಯೋ ಸುಮ್ಮನಾಗಿ ನಮಗೆ ತಿಳಿಸಿತು. ಕಡಲ ತಳದ ಸರಪಳಿ ಹಾಗೆ ತಾನಾಗಿ ತಿಳಿಸದು. ಅದನ್ನು ದಿನವೂ ಕೇಳುತ್ತಿರಬೇಕು.